ಮೂವತ್ತು ಮೀಟರಿನ ಮೇಲೆ

ಡಿಸ್ಕನ್ನು ಅವನು ತಂದದ್ದು ಉಣ್ಣೆಯ ಕಾಲುಚೀಲದಲ್ಲಿ,
ಮೊಟ್ಟೆ ತರುವವನ ಹಾಗೆ, ಎರಡೂ ಕೈಯಲ್ಲಿ.
ವಿಚ್ಛೇದನದ ಕಾಗದ ಬಂದು ಆಗ ಹದಿನಾಲ್ಕು ತಿಂಗಳು.
‘ಇದನ್ನು ಇಲ್ಲಿ ಇಡಬಹುದೆ?’ ಅಂದ ಲೌತಾರೊ,
ಹೊಸ್ತಿಲ ಹೊರಗೇ ನಿಂತು.
‘ನಿನ್ನ ಮನೆ ಮೂವತ್ತು ಮೀಟರಿನ ಮೇಲಿದೆ.’

ಇಷ್ಟು ಖಚಿತವಾಗಿ ಅವನು ನನ್ನನ್ನು ಎಂದೂ ಹೊಗಳಿದ್ದಿಲ್ಲ.

ತಾಲ್ಕಹುವಾನೊದಲ್ಲಿ ಮಕ್ಕಳಿಗೂ ಗೊತ್ತು ಆ ಗೆರೆ:
ನೆಲ ನಡುಗಿದರೆ ಹಸಿರು ಬಾಣ ನೋಡುತ್ತ ಏರಬೇಕಾದ ಎತ್ತರ.
ಅವನ ಕೋಣೆ ಬಂದರಿಗೆ ಅಂಟಿಕೊಂಡದ್ದು.
ಹಳೆಯ ಅಲೆ ಬಿಟ್ಟುಹೋದ ಉಪ್ಪಿನ ಪಟ್ಟಿ
ಎಷ್ಟು ಸುಣ್ಣ ಬಳಿದರೂ ಗೋಡೆಯಲ್ಲಿ ಮತ್ತೆ ಏಳುತ್ತದೆ.
ಆ ಅಲೆ ನನ್ನ ಅತ್ತೆಯ ಪೆಟ್ಟಿಗೆ ಒಯ್ದಿತ್ತು:
ಆರು ಆಲ್ಬಂ, ಒಂದು ಮದುವೆ,
ಕುದುರೆಯ ಮೇಲೆ ಕೂತ ಯಾರೋ ಮುತ್ತಜ್ಜ.
ಮೂರು ದಿನದ ಮೇಲೆ ದೋಣಿಯಡಿ ಒಂದು ಚಿತ್ರ ಸಿಕ್ಕಿತು,
ಮುಖಗಳೆಲ್ಲ ಕರಗಿ ಕೇಕು ಮಾತ್ರ ಉಳಿದಿತ್ತು.

ಅಂದಿನಿಂದ ಹಿಡಿದ ಹುಚ್ಚು ಇದು.
ಯಾವ ಕಂಪನಿಯ ಮೋಡವನ್ನೂ ನಂಬುವವನಲ್ಲ.
‘ಬಾಡಿಗೆಯ ಮೋಡ; ಬಾಡಿಗೆ ತಪ್ಪಿದ ದಿನ ಕರಗುತ್ತದೆ.’
ಪರದೆ ಒಡೆದ ಲ್ಯಾಪ್‌ಟಾಪೊಂದು ಅವನ ಅಡುಗೆಮನೆಯಲ್ಲಿ
ಹಿಟ್ಟಿನ ಚೀಲದ ಪಕ್ಕ ಹಗಲಿರುಳು ಉಸಿರಾಡುತ್ತದೆ.
ಅವನ ಫೋನಿನಿಂದ, ಮಗಳ ಫೋನಿನಿಂದ
ಸಂಜೆ ಕೋಳಿಗಳು ಗೂಡು ಸೇರಿದ ಹಾಗೆ ಚಿತ್ರಗಳು ಅಲ್ಲಿಗೆ.
ರಾತ್ರಿ ಎರಡಕ್ಕೆ ಅಲ್ಲಿಂದ ನನ್ನ ಗುಡ್ಡಕ್ಕೆ.

ಮೂರು ಪ್ರತಿ, ಎರಡು ಬಗೆ, ಒಂದು ಊರಾಚೆ:
ಇದು ಅವನ ಜಪ. ಊರಾಚೆ ಅಂದರೆ ನಾನು.

ಹೊಲಿಗೆ ಯಂತ್ರದ ಕೆಳಗೆ ಒಂದು ನೀಲಿ ಕಣ್ಣು.
ಅದು ಮಿಟುಕಿದರೆ ಅವನು ಆ ದಿನ
ಏನನ್ನೋ ನಿಂತು ನೋಡಿದ್ದಾನೆ ಎಂದು ಲೆಕ್ಕ.
ಕೆಲವು ರಾತ್ರಿ ಎರಡೇ ಸಲ.
ಫೆಬ್ರವರಿಯಲ್ಲಿ ಒಮ್ಮೆ ಬೆಳಗಾಗುವ ತನಕ ಮಿಟುಕಿತು.
ಎಲ್ಲಿಗೆ ಹೋಗಿದ್ದ? ಯಾರ ಜೊತೆ?
ಕೇಳುವ ಹಕ್ಕಿಲ್ಲ. ನೋಡುವ ದಾರಿಯೂ ಇಲ್ಲ,
ಎಲ್ಲವನ್ನೂ ಗೂಢಲಿಪಿಗೆ ಇಳಿಸಿಯೇ ಕಳಿಸುತ್ತಾನೆ.
ಒಮ್ಮೆ ತೆರೆದು ನೋಡಿದ್ದೆ, ಸುಳ್ಳೇಕೆ:
ಸಾವಿರಾರು ಕಡತ, ಬೆಕ್ಕು ಕೀಲಿಮಣೆ ತುಳಿದಂಥ ಹೆಸರು.
ಹತ್ತೊಂಬತ್ತು ವರ್ಷ ಅವನ ಜೊತೆ ಬಾಳಿದವಳಿಗೆ
ಅದೇನೂ ಹೊಸತಲ್ಲ.

ಒಂದು ಲಕೋಟೆಯನ್ನೂ ಕೊಟ್ಟಿದ್ದ, ಅಂಟಿಸಿ, ಅಂಚಿಗೆ ಸಹಿ ಹಾಕಿ.
‘ನಾನು ಹೋದರೆ ಅಯಲೇನ್‌ಗೆ.’
ಒಳಗೆ ಬೀಗ ತೆರೆಯುವ ಮಾತು.
ಸಂಜೆ ಚಹಾ ಕುದಿಯುವಾಗ ಎಷ್ಟು ಸಲ ಊಹಿಸಿದ್ದೇನೆ:
ನಮ್ಮ ಮೊದಲ ಬೀದಿಯೇ? ಸತ್ತ ನಾಯಿಯ ಹೆಸರೇ?
ಹಬೆಗೆ ಹಿಡಿದರೆ ಅಂಟು ಬಿಡುತ್ತಿತ್ತು. ಹಿಡಿಯಲಿಲ್ಲ.
ತುರ್ತಿಗೆ ಅದರ ಬೆನ್ನ ಮೇಲೆ ಅಂಗಡಿ ಪಟ್ಟಿ ಬರೆದೆ, ಅಷ್ಟೆ.

ಆಗಸ್ಟಿನಲ್ಲಿ ಬಂದದ್ದು ಅಲೆಯಲ್ಲ,
ಮೇಲ್ಮನೆಯವರ ಬಟ್ಟೆ ಒಗೆಯುವ ಯಂತ್ರದ ಒಡೆದ ಕೊಳವೆ.
ಲ್ಯಾಪ್‌ಟಾಪು, ಡಿಸ್ಕು, ಹಿಟ್ಟು, ಎಲ್ಲ ಒಂದೇ ಗಂಜಿ.
ಒದ್ದೆ ಕೋಟಿನಲ್ಲಿ ಗುಡ್ಡ ಹತ್ತಿ ಬಂದ. ಈ ಸಲ ಒಳಗೆ ಬಂದ.
ಮೇಜಿನ ಮೇಲೆ ಯಾರದೋ ಎರವಲು ಯಂತ್ರ, ನನ್ನ ಡಿಸ್ಕು,
ನಡುವೆ ಬ್ರೆಡ್ಡು, ಹಿಸುಕಿದ ಅವಕಾಡೊ.
ಬೀಗದ ಮಾತು ಬೆರಳಿಗೆ ಬರಲಿಲ್ಲ.
ಎರಡು ಸಲ. ಮೂರು ಸಲ.
ನಾನೇ ಎದ್ದು ಲಕೋಟೆ ತಂದೆ.

‘ಈರುಳ್ಳಿ, ಸೋಪು, ಕಪ್ಪು ದಾರ...’
ಅದನ್ನೇ ಒತ್ತಲು ಹೊರಟಿದ್ದ, ಪುಣ್ಯಾತ್ಮ.
ಒಳಗಿದ್ದದ್ದು: ಏಣಿ ನಿಂಬೆ ಗುರುವಾರ ಕತ್ತೆ ತಗಡು.
ಯಾರ ಹೆಸರೂ ಇಲ್ಲ.
‘ದಾಳ ಉರುಳಿಸಿ ಆರಿಸಿದ್ದು,’ ಅಂದ, ‘ಯಾರೂ ಊಹಿಸಬಾರದಲ್ಲ.’
ನಾನು ಸಿಂಕಿನ ಕಡೆ ತಿರುಗಿ
ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದೆ.

ಆಮೇಲೆ ಬಂದವು. ಅಯಲೇನ್‌ಳ ಬಿದ್ದ ಹಲ್ಲು.
ಹಡಗುಕಟ್ಟೆಯ ಗೆಳೆಯರು. ಕೇಕೊಂದೇ ಉಳಿದ ಆ ಮದುವೆ.
ಫೆಬ್ರವರಿಯೂ ಬಂತು: ಒಂದು ಕಂಬದ ಮೇಲೆ ಒಂದು ಪೆಲಿಕನ್,
ನಾನೂರ ಹನ್ನೆರಡು ಸಲ.
‘ಬಟನ್ ಸಿಕ್ಕಿಕೊಂಡಿತ್ತು,’ ಅಂದ ತಲೆ ಎತ್ತದೆ.

ನನಗೆ ಬಂದ ನಗು ಪಕ್ಕದ ಮನೆಗೆ ಕೇಳಿಸಿರಬೇಕು.

ಶೇಕಡಾ ಅರವತ್ತೊಂದು. ಕೊನೆಯ ಬಸ್ಸಿನ ಹೊತ್ತು.
‘ಇವನ್ನು ಅಳಿಸಲೇ?’
‘ಇರಲಿ ಬಿಡು. ಇಲ್ಲಿ ಇನ್ನೂ ಒಂದು ಟೆರಾಬೈಟು ಖಾಲಿ ಇದೆ.’