ಹಗ್ಗದ ಎರಡು ಸುತ್ತು

ಕರ್ನಲ್ ಬಿದ್ದದ್ದು ಮೂರು ಗಂಟೆ ಹನ್ನೊಂದು ನಿಮಿಷಕ್ಕೆ.
ಬಂದರಿನ ಬಲೆ ಅಂಗಡಿಯ ಮೇಲೆ ನಮ್ಮ ಆಫೀಸು,
ಕೆಳಗೆ ಯಾರೋ ನೈಲಾನು ಅಳೆಯುತ್ತಿದ್ದರು,
ಪರದೆಯ ಮೇಲೆ ಯಾರು ಯಾರನ್ನು ಕರೆದರೆಂಬ ಪಟ್ಟಿ,
ಪೊಲೀಸರ ಮಹಜರಿನ ಹಾಗೆ.
ನಾನು ಹುಡುಕಿದ ಹೆಸರು ಅದರಲ್ಲಿ ಇರಲಿಲ್ಲ.

ನಾನೇ ಬರೆದದ್ದು, ಎರಡೇ ಸಾಲು:
ಆರನೆಯ ಬಿಟ್ ಎದ್ದಿದೆಯೋ ಮಲಗಿದೆಯೋ ನೋಡು,
ಹೌದು ಅನ್ನು, ಇಲ್ಲವೇ ಇಲ್ಲ ಅನ್ನು.
ಕಂಪೈಲರು ಲೆಕ್ಕ ಹಾಕಿತ್ತು:
ಇದನ್ನು ಕರೆಯಬೇಕಾದರೆ ಕೈಯಲ್ಲಿದ್ದದ್ದೆಲ್ಲ ಕೆಳಗಿಡಬೇಕು,
ಮರಳಿ ಬರುವ ವಿಳಾಸ ಬರೆದಿಡಬೇಕು,
ಹೋಗಬೇಕು, ಬರಬೇಕು,
ಒಂದು ಚಿಟಿಕೆ ಉಪ್ಪಿಗೆ ಆಚೆ ದಡಕ್ಕೆ ದೋಣಿ ಬಿಟ್ಟ ಹಾಗೆ.
ಅದಕ್ಕೇ, ಕರೆದಲ್ಲೆಲ್ಲ ಅದರ ಮೈಯನ್ನೇ ಹಾಸಿ
ಹೆಸರನ್ನು ಹೊರಗೆ ಬಿಟ್ಟಿತು.

ಅಸೆಂಬ್ಲಿ ಬಿಡಿಸಿ ನೋಡಿದೆ. ಉಂಟು.
ಒಂದು ಟೆಸ್ಟ್, ಒಂದು ಜಂಪ್,
ನಲವತ್ತಮೂರು ಕಡೆ.
ಎಲ್ಲೂ ನಾನು ಅನ್ನುವುದಿಲ್ಲ.

ಬೆಂಗ್ರೆ ಫೆರಿಯ ದಕ್ಕೆಯಲ್ಲಿ ಮೊದಲು ಪೊಡಿಮೋನು ಇದ್ದ.
ಹೆಸರಲ್ಲೇ ಪೊಡಿ, ಸಣ್ಣವ; ವಯಸ್ಸು ಐವತ್ತೆಂಟು.
ಏಳು ದೋಣಿಗೆ ಅವನೊಬ್ಬ.
ದೋಣಿ ಹತ್ತಿರ ಬಂದರೆ ಡ್ರೈವರು ಕೂಗಬೇಕು,
ಅವನು ಬೀಡಿ ನಂದಿಸಬೇಕು, ಉಳಿದದ್ದನ್ನು ಕಿವಿಗೆ ಸಿಕ್ಕಿಸಬೇಕು,
ನಡೆದು ಬರಬೇಕು,
ಹಗ್ಗ ಹಿಡಿದು ಗೂಟಕ್ಕೆ ಎರಡು ಸುತ್ತು, ಒಂದು ಎಳೆತ.
ಕೆಲಸ ಮೂರು ಸೆಕೆಂಡಿನದ್ದು, ಕಾಯುವುದು ಎರಡು ನಿಮಿಷ.
ಒಂದು ಸೋಮವಾರದಿಂದ ಡ್ರೈವರುಗಳೇ ಕಟ್ಟಿಕೊಳ್ಳತೊಡಗಿದರು.
ಪೊಡಿಮೋನು ಕಾಸರಗೋಡಿಗೆ, ಮಗಳ ಮನೆಗೆ ಹೋದ ಎಂದರು.

ಆದರೆ ನೋಡಿದ್ದೇನೆ:
ಜಯಕರ ಮೆಂಡನ್ ಹಗ್ಗ ಎಳೆಯುವಾಗ ಎಡಭುಜ ಒಮ್ಮೆ ಜಗ್ಗುತ್ತದೆ.
ಅದು ಅವರ ಭುಜವಲ್ಲ.
ಏಳೂ ದೋಣಿಯಲ್ಲಿ ಆ ಜಗ್ಗು ಉಂಟು,
ಎಲ್ಲಿಂದ ಬಂತೆಂದು ಕೇಳಿದರೆ, ಎಂತದು, ಅನ್ನುತ್ತಾರೆ.

ಮೊನ್ನೆ ಮರದ ಗೂಟ ಕಿತ್ತು ಕಬ್ಬಿಣದ ಬಳೆ ಹಾಕಿದರು.
ಪೊಡಿಮೋನು ಇದ್ದಿದ್ದರೆ ಅವನ ಕಿವಿಗೆ ಒಂದು ಮಾತು ಸಾಕಿತ್ತು.
ಈಗ ಏಳು ಜನಕ್ಕೆ ಹೇಳಬೇಕಾಯಿತು.
ಆರು ಜನಕ್ಕೆ ಹೇಳಿದರು.
ಏಳನೆಯ ದೋಣಿ ಆ ವಾರ ಬಣ್ಣಕ್ಕೆಂದು ಮರಳಿನ ಮೇಲಿತ್ತು.
ಅದು ನೀರಿಗಿಳಿದ ಸಂಜೆ, ಡ್ರೈವರು ಕತ್ತಲಲ್ಲಿ
ಇಲ್ಲದ ಗೂಟಕ್ಕೆ ಹಗ್ಗ ಬೀಸಿದರು.
ಮೂರು ಬುಟ್ಟಿ ಬೂತಾಯಿ ಹೊಳೆಪಾಲು.
ಕಾಗದದಲ್ಲಿ ಡ್ರೈವರ ಹೆಸರು ಬಿತ್ತು.

ಆಗ ಹೊಳೆಯಿತು ನನಗೆ.
ಹೋದ ತಿಂಗಳು ಬಿಟ್ ಆರರಿಂದ ಒಂಬತ್ತಕ್ಕೆ ಸರಿಸಿದ್ದೆವು.
ಎಲ್ಲವನ್ನೂ ಮತ್ತೆ ಕಟ್ಟಿದೆವು,
ಒಂದು ಡ್ರೈವರನ್ನು ಬಿಟ್ಟು. ಗಿರಾಕಿಯ ಹತ್ತಿರವಿದ್ದ ಹಳೆಯ ಮಾಡ್ಯೂಲು,
ಹೊಟ್ಟೆಯಲ್ಲಿ ನನ್ನ ಹಳೆಯ ಎರಡು ಸಾಲು ಇಟ್ಟುಕೊಂಡು
ಇನ್ನೂ ಆರನ್ನೇ ತಡವುತ್ತಿತ್ತು.

ನೋಇನ್‌ಲೈನ್ ಅಂತ ಹಾಕಿಬಿಡು ಮಾರಾಯ್ತಿ, ಅಂದಳು ಮೆಲ್ವಿಟಾ,
ಹೆಸರಾದರೂ ಬರ್ತದೆ, ತಿದ್ದುವುದಾದರೆ ಒಂದೇ ಕಡೆ.
ಸೆಕೆಂಡಿಗೆ ತೊಂಬತ್ತು ಸಾವಿರ ಸಲ ಓಡುವ ದಾರಿ ಅದು.
ಹಾಕಿದೆ. ಅಳೆದೆ. ತೆಗೆದೆ.
ಮತ್ತೆ ಹಾಕಿ, ಸೇವ್ ಮಾಡದೆ, ಆರೂವರೆಯ ಫೆರಿಗೆ ಓಡಿದೆ.

ಇಳಿತದ ಹೊತ್ತು, ನೀರು ಹೊರಕ್ಕೆ ಎಳೆಯುತ್ತಿತ್ತು.
ಮೆಂಡನ್ ಎಂಜಿನ್ ಬಿಡುವ ಹಾಗಿರಲಿಲ್ಲ.
ಹಿಡೀರಿ, ಎಂದು ಯಾರನ್ನೂ ನೋಡದೆ ಹಗ್ಗ ಎಸೆದರು,
ಅದು ಬಿದ್ದದ್ದು ನನ್ನ ಲ್ಯಾಪ್‌ಟಾಪ್ ಚೀಲದ ಮೇಲೆ.
ದಕ್ಕೆಗೆ ಹಾರಿದೆ. ಬಳೆಗೆ ಎರಡು ಸುತ್ತು.
ಎಳೆಯುವಾಗ ಎಡಭುಜ ಜಗ್ಗಿತು.

ಜನ ಇಳಿದು ಹೋದರು, ಯಾರೂ ಏನೂ ಅನ್ನಲಿಲ್ಲ.
ಗಂಟೆ ನೋಡಲು ಫೋನು ತೆಗೆದೆ.
ಬೆರಳಿಗೆಲ್ಲ ಉಪ್ಪುನೀರು, ಡೀಸೆಲು.
ಮೂರು ಸಲ ಒತ್ತಿದರೂ
ಅದು ನನ್ನನ್ನು ಗುರುತಿಸಲಿಲ್ಲ.