ಹನ್ನೊಂದು ಆವರ್ತ ಸುಮ್ಮನೆ

ಜುಲೈ. ಹೊರಗೆ ಅಯೋವಾದ ಮೆಕ್ಕೆಜೋಳ
ಎದೆಮಟ್ಟ ಬೆಳೆದು ನಿಂತಿದೆ.
ಒಳಗೆ, ಕಾಲೇಜಿನ ನೆಲಮಾಳಿಗೆಯಲ್ಲಿ,
ಏಸಿಯ ಚಳಿಗೆ ಸ್ವೆಟರು ತೊಟ್ಟು
ಹನ್ನೆರಡು ಜನ ಪಿಯಾನೋ ಮೇಷ್ಟ್ರುಗಳು.
ನಿಮ್ಮೆಲ್ಲರ ವಯಸ್ಸು ಕೂಡಿದರೆ
ಈ ರಾಜ್ಯಕ್ಕಿಂತ ನಾಲ್ಕೈದು ಶತಮಾನ ಹೆಚ್ಚು,
ಎಂದು ನಗಿಸಲು ನೋಡಿದ ಕಾರ್ವಿನ್ ಬ್ಯಾಬ್,
ನಮಗೆ ಕಲಿಸಲು ಬಂದ ಹುಡುಗ, ರಬ್ಬರು ಚಪ್ಪಲಿ.
ಯಾರೂ ನಗಲಿಲ್ಲ.

ಒಬ್ಬೊಬ್ಬರ ಮುಂದೂ ಒಂದು ಕರಿ ಹಲಗೆ,
ಇಸ್ತ್ರಿ ಮೇಜಿನಷ್ಟು ತೂಕ.
ತಂತಿಯಿಲ್ಲ, ಸುತ್ತಿಗೆಯಿಲ್ಲ,
ಇಲಿ ಗೂಡು ಕಟ್ಟಲು ಜಾಗವೂ ಇಲ್ಲ.
(ನನ್ನ ಮನೆಯದರಲ್ಲಿ ಎರಡು ಸಲ ಕಟ್ಟಿದೆ.)
ಹೆಡ್‌ಫೋನು ಏರಿಸಿದೆವು.
ಹನ್ನೆರಡೂ ಜನ ಒಟ್ಟಿಗೆ ನುಡಿಸುತ್ತ
ಒಬ್ಬರದೊಬ್ಬರಿಗೆ ಕೇಳಿಸದೆ
ಕೋಣೆಯ ತುಂಬ ಬರೀ ಟಕಟಕ,
ಕೋಳಿಗಳು ಕಾಳು ಹೆಕ್ಕುವ ಸದ್ದು.
ಅರೆ, ಇದೇ ಅಲ್ಲವೆ ನಮ್ಮ ಕಸುಬು?
ಊರಿಗೊಬ್ಬಳು, ಪರದೆ ಎಳೆದ ಪಡಸಾಲೆ,
ಅರ್ಧ ಗಂಟೆಗೊಂದು ಮಗು.

ಎರಡನೆಯ ದಿನ ವರ್ಲಾ ಹೂಕ್‌ಸ್ಟ್ರಾ,
ಎಪ್ಪತ್ತಾರು, ಚರ್ಚಿನ ಆರ್ಗನ್ನಿಗೆ
ಐವತ್ತು ವರ್ಷ ಬೆನ್ನು ಬಗ್ಗಿಸಿದವಳು,
ತಿಳಿಯದೆ ಯಾವುದೋ ಗುಂಡಿ ಒತ್ತಿದಳು.
ಬೆರಳು ಸಿ ಅಂದರೆ ಕಿವಿಗೆ ಡಿ.
ಮಧ್ಯಾಹ್ನದವರೆಗೆ ಯಾರಿಗೂ ಹೇಳಲಿಲ್ಲ.
ಕೈ ತೊಳೆಯುವಾಗ, ಕನ್ನಡಿಗೆ ಹೇಳುವಂತೆ,
‘ಕಿವಿ ಹೋಯಿತು ಕಣೇ’ ಅಂದಳು ನನಗೆ.
ಡಿಮೋಯ್ನಿನ ಲಿಯೆನ್ ಲುವೊಂಗ್ ಬಂದು
ಬಗ್ಗಿ ನೋಡಿ ಗುಂಡಿಯನ್ನು ಸೊನ್ನೆಗೆ ತಂದಳು.
ವರ್ಲಾ ನಗಲಿಲ್ಲ, ಅಳಲೂ ಇಲ್ಲ.
ಸಿ ಒತ್ತಿದಳು. ಮತ್ತೆ ಒತ್ತಿದಳು.
ಏಳು ಸಲ.

ಮೂರನೆಯ ದಿನ ಹೆಡ್‌ಫೋನು ಕಿತ್ತಿಟ್ಟೆವು.
ವರ್ಲಾಳಿಗೆ ಕೊಳಲು, ಲಿಯೆನ್‌ಗೆ ಪಿಟೀಲು,
ನಾರ್ಬರ್ಟ್ ಜಾಪ್ಲೆವ್‌ಸ್ಕಿಗೆ ಡೋಲು.
ಮೂವತ್ತು ವರ್ಷ ಮಕ್ಕಳಿಗೆ
ಮೆಲ್ಲಗೆ, ಮೆಲ್ಲಗೆ ಎಂದ ಮನುಷ್ಯ
ಧಡಾರನೆ ತೆರೆದುಕೊಂಡ.
ನನಗೆ ಬಾಸ್. ನಾಲ್ಕೇ ಸ್ವರ.
ಅದೂ ಹನ್ನೊಂದು ಆವರ್ತ ಸುಮ್ಮನೆ ಕೂತ ಮೇಲೆ.

ಶುರುವಾಯಿತು.
ಎತ್ತು ಏರಿಗೆಳೆಯಿತು, ಕೋಣ ನೀರಿಗೆ.
ಏಕೆಂದರೆ ನಾವೆಲ್ಲ ಎಣಿಸುತ್ತಿದ್ದೆವು, ಗಟ್ಟಿಯಾಗಿ,
ಒಂದು ಎರಡು ಮೂರು, ಒಂದು ಎರಡು,
ಹನ್ನೆರಡು ಬಾಯಿ, ಹನ್ನೆರಡು ಗತಿ,
ಪಕ್ಕದಲ್ಲಿಲ್ಲದ ಯಾವುದೋ ಮಗುವಿಗಾಗಿ.
ಕಾರ್ವಿನ್ ಕೈಯೆತ್ತಿದ:
‘ಎಣಿಸಬೇಡಿ. ಇಲ್ಲಿ ಮಕ್ಕಳಿಲ್ಲ.’

ಮತ್ತೆ ಮೊದಲಿನಿಂದ.
ಸುಮ್ಮನಿರುವುದು ನನಗೆ ಬರುವುದಿಲ್ಲ.
ಮಗುವಿನ ಬೆರಳು ತಡವರಿಸಿತೋ
ನನ್ನ ಬೆರಳು ಅಲ್ಲಿರುತ್ತದೆ, ಅಷ್ಟೆ.
ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತೆ.
ಏಳನೆಯ ಆವರ್ತದಲ್ಲಿ, ಕೊಳಲು ಮೇಲೇರುವ ಮುನ್ನ
ವರ್ಲಾ ಉಸಿರೆಳೆದುಕೊಂಡಳು.
ಕೀಬೋರ್ಡಿಗೆ ಉಸಿರು ಬೇಕಿಲ್ಲ,
ಆದರೂ ಎಳೆದುಕೊಂಡಳು.
ಅದನ್ನೇ ಕೇಳುತ್ತ ಕೂತು
ನನ್ನ ಸರದಿ ಒಂದು ಮಾತ್ರೆ ದಾಟಿತು.
ಲಿಯೆನ್ ತಲೆಯೆತ್ತಲಿಲ್ಲ. ಪಿಟೀಲನ್ನು
ಕೂದಲೆಳೆಯಷ್ಟು ಹಿಗ್ಗಿಸಿ ಹಿಡಿದಳು
ನಾನು ಬಂದು ಸೇರುವವರೆಗೆ.
ಅಷ್ಟು ವರ್ಷ ಕಾದಿದ್ದೇನೆ ಎಷ್ಟೋ ಬೆರಳುಗಳಿಗೆ;
ಕಾಯಿಸಿದ್ದು ಇದೇ ಮೊದಲು.

ಮಂಗಳವಾರ. ನನ್ನ ಮನೆ.
ನಾಲ್ಕರ ಹುಡುಗಿ, ನಾಲ್ಕೂವರೆಯ ಹುಡುಗ.
ಶಾಲೆ ಬೇರೆ ಬೇರೆ. ಮೂರು ವರ್ಷದಿಂದ
ಬಾಗಿಲಲ್ಲಿ ಎದುರಾಗುತ್ತಾರೆ, ಮಾತಿಲ್ಲ.
ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ.
ಬೆಂಚು ಸಾಲದೆ ಅಡಿಗೆಮನೆಯ ಕುರ್ಚಿ ತಂದೆ.
ಪೆನ್ಸಿಲು ಕೆಳಗಿಟ್ಟೆ.
ಬಾಯಿಗೆ ಬಂದ ‘ಒಂದು’ ಎಂಬುದನ್ನು ನುಂಗಿ
ಕಿಟಕಿಯ ಹತ್ತಿರ ಹೋಗಿ ನಿಂತೆ.

ಮೊಣಕೈಗೆ ಮೊಣಕೈ ಬಡಿಯಿತು.
ಶುರು ಮಾಡಿ ಎನ್ನುವರೇ ಇಲ್ಲದೆ
ಇಬ್ಬರೂ ನನ್ನತ್ತ ತಿರುಗಿದರು.
ನಾನು ಜೋಳ ನೋಡುತ್ತಿದ್ದೆ.