ನೀರು ಬಿಡೋನು

ಮೂರು ಮೊಳದ ಕಬ್ಬಿಣ, ತುದಿಗೆ ಚೌಕದ ಬಾಯಿ,
ಹಿಡಿ ಸವೆದು ನುಣುಪು. ಇದು ವಾಲ್ವಿನ ಕೀಲಿ.
ಹಾಸನದ ನಗರಸಭೆಯ ಕಡತದಲ್ಲಿ ನಾನು
ಚಿಕ್ಕಹೊನ್ನಯ್ಯ ಬಿನ್ ಲೇಟ್ ಕರಿಯಯ್ಯ, ಹೊರಗುತ್ತಿಗೆ.
ಬೀದಿಯ ಬಾಯಲ್ಲಿ, ನೀರು ಬಿಡೋನು.

ನನ್ನಜ್ಜ ಜೋಗಿಕಟ್ಟೆ ಕೆರೆಯ ನೀರುಗಂಟಿ.
ತೂಬಿಗಿಳಿವಾಗ ಸೊಂಟಕ್ಕೆ ಹಗ್ಗ, ಮೂಗಿಗೆ ಎರಡು ಬೆರಳು,
ಏರಿಯ ಮೇಲೆ ಗದ್ದೆಯವರೆಲ್ಲ ಬಗ್ಗಿ ನೋಡುತ್ತ.
ಕೊನೆಯ ಮಡಿ ನೆಂದ ಮೇಲೆ ಮೊದಲ ಮಡಿ:
ಅವನ ಕಾನೂನು ಅಷ್ಟೇ.
ಬೈದವರೂ ಸುಗ್ಗಿಯಲ್ಲಿ ಮೊರ ತುಂಬ ಭತ್ತ ಸುರಿದರು,
ದೂರ ನಿಲ್ಲಿಸಿ.

ಹಳೆಯದನ್ನು ಹೊಗಳುತ್ತಿಲ್ಲ ನಾನು.
ಕೆರೆಯ ನೀರು ಅಳೆದವನಿಗೆ
ಬಾವಿಯ ನೀರು ಮುಟ್ಟಗೊಡದ ಊರು ಅದು.

ಈಗ ಕೆರೆಯಂಗಳದಲ್ಲಿ ಏಳು ಕ್ರಾಸು, ಒಂದು ಕಲ್ಯಾಣ ಮಂಟಪ.
ತೂಬು ಎಲ್ಲಿದೆ, ನನಗೆ ಗೊತ್ತು:
ಅಡುಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಕಲ್ಲಿನ ಕೆಳಗೆ.
ಹೋದ ವರ್ಷ ಆಶ್ಲೇಷ ಮಳೆಗೆ, ಧಾರೆಯ ಹೊತ್ತಿಗೆ ಸರಿಯಾಗಿ,
ನೆಲದಿಂದ ನೀರೆದ್ದು
ಬೀಗರ ಚಪ್ಪಲಿಗಳು ಗೇಟು ದಾಟಿ ಹೊರಟವು.
ಫೋನು ಬಂತು: 'ಚಿಕ್ಕಣ್ಣ, ನೀರು ನಿಲ್ಸು ಮಾರಾಯ!'
ಯಾವ ಕೀಲಿ ತಿರುಗಿಸಲಿ?

ವಾರ ಕಳೆಯಲಿಲ್ಲ, ಅದೇ ಕ್ರಾಸುಗಳಿಗೆ ಟ್ಯಾಂಕರು.
ಒಂಬೈನೂರು ಅಡಿ ಹೋದ ಬೋರು
ಬರೀ ಕಲ್ಲಿನ ಹಿಟ್ಟು ಕಕ್ಕಿತು.
ಗೊರೂರಿಂದ ಪೈಪಿನಲ್ಲಿ ಹೊರಟ ಹೇಮಾವತಿ
ನಮ್ಮ ಕಡೆಗೆ ಬರುವಷ್ಟರಲ್ಲಿ ಮುಕ್ಕಾಲು ಗಾಳಿ.
ಮನೆಗಳು ಬೆಳೆದವು, ಪೈಪು ಬೆಳೆಯಲಿಲ್ಲ.
ಐದು ದಿನಕ್ಕೊಮ್ಮೆ, ನಲವತ್ತು ನಿಮಿಷ.
ಅಜ್ಜನಿಗೆ ಕೋಲಿನ ಮೇಲೆ ಗೀಟುಗಳಿದ್ದವು; ನನಗೆ ಮೊಬೈಲಿನ ಅಲಾರಂ.
ಆ ಕೋಲು ಇನ್ನೂ ಇದೆ,
ಸಿಂಟೆಕ್ಸಿಗೆ ಇಳಿಬಿಟ್ಟು ನೋಡುತ್ತಾಳೆ ನನ್ನವಳು,
ಬಟ್ಟೆ ಒಗೆಯುವುದೋ ಬೇಡವೋ ಅಂತ.

ನಿನ್ನೆ ರಾತ್ರಿ ಎರಡೂವರೆ.
ನಾಳೆ ಮದುವೆ, ಮಂಟಪದ ಸಂಪು ತುಂಬಿಸು ಅಂತ
ಮೇಲಿನವರ ಅಪ್ಪಣೆ.
ಕೊನೆಯ ಕ್ರಾಸಿನಲ್ಲಿ ಟಾರ್ಚು ಬಿಟ್ಟೆ:
ಹನ್ನೊಂದು ಕೊಡ, ಎರಡು ಪೇಂಟಿನ ಡಬ್ಬ, ಒಂದು ಕುಕ್ಕರು,
ಪಕ್ಕದಲ್ಲಿ ಗೋಡೆಗೊರಗಿ ಮೆಹರುನ್ನಿಸಾ,
ಹೋಟೆಲಿಗೆ ಚಪಾತಿ ಲಟ್ಟಿಸುವವಳು,
ಕಣ್ಣುಮುಚ್ಚಿದ್ದಳು, ನಿದ್ದೆಯಲ್ಲ.
ಏನೂ ಕೇಳಲಿಲ್ಲ.

ಕೊನೆಯ ಮಡಿ.
ಕೀಲಿ ಕಚ್ಚಿತು, ತಿರುಗಿತು.
ಮೊದಲು ಗಾಳಿ, ಆಮೇಲೆ ತುಕ್ಕು,
ಆಮೇಲೆ ಕುಕ್ಕರಿನ ತಳಕ್ಕೆ ಬಿದ್ದ ಸದ್ದು.
ಕಿಸೆಯಲ್ಲಿ ಫೋನು ನಡುಗುತ್ತಲೇ ಇತ್ತು.
ನಾನು ಉಸಿರು ಬಿಗಿಹಿಡಿದು ನಿಂತಿದ್ದೆ,
ಆರನೆಯ ಕೊಡದ ತನಕ.